ನಕಾಶೆ ಬಿಡಿಸಿಟ್ಟುಕೊಂಡು ಸುದ್ದಿ ಓದೋಣ

ನಮ್ಮ ಮನೆಗಳಿಗೆ ಬರುವ ದಿನಪತ್ರಿಕೆಯಲ್ಲಿ ಎಲ್ಲಕ್ಕಿಂತ ಕಡಿಮೆ ಓದುಗರನ್ನು ಪಡೆಯುವ ಪುಟ ಯಾವುದೆಂದು ಯಾರಾದರೂ ಕೇಳಿದರೆ, ಹೊರದೇಶಗಳ ಸುದ್ದಿಯ ಪುಟವೆಂದು ಸಂಕೋಚವಿಲ್ಲದೆ ಹೇಳಬಹುದು. ಹಿರಿಯರು ರಾಜ್ಯದ ರಾಜಕಾರಣವನ್ನು ಓದುತ್ತಾರೆ. ಮಕ್ಕಳು ಕ್ರೀಡೆಯ ಪುಟಕ್ಕೆ ಹಾರುತ್ತಾರೆ. ಗೃಹಿಣಿಯರು ಚಿನ್ನದ ದರವನ್ನೂ ಎಣ್ಣೆಯ ದರವನ್ನೂ ನೋಡುತ್ತಾರೆ. ನಾಲಗೆಗೆ ಒಗ್ಗದ ಹೆಸರುಗಳಿಂದ ತುಂಬಿದ ವಿದೇಶೀ ಪುಟ ಮಾತ್ರ ಮಗುಚಿಹೋಗುತ್ತದೆ. ಇದಕ್ಕೆ ಆಸಕ್ತಿಯ ಕೊರತೆಯೇ ಕಾರಣವೆಂದು ನಮಗೆ ತೋರುವುದಿಲ್ಲ. ಪಕ್ಕದ ಊರಿನ ಹೊಲದ ಬದುವಿನ ಜಗಳವನ್ನು ನಾವು ಗಂಟೆಗಟ್ಟಲೆ ಚರ್ಚಿಸಬಲ್ಲೆವು. ಏಕೆಂದರೆ ಆ ಹೊಲ ಎಲ್ಲಿದೆ, ಹಳ್ಳ ಯಾವ ಕಡೆಗೆ ಹರಿಯುತ್ತದೆ, ಬಂಡಿಯ ದಾರಿ ಯಾರ ಜಮೀನಿನಲ್ಲಿ ಹಾಯುತ್ತದೆ ಎಂಬುದೆಲ್ಲ ನಮಗೆ ಗೊತ್ತು. ದೂರದ ದೇಶಗಳ ಜಗಳವೂ ಬಹುಮಟ್ಟಿಗೆ ಹಳ್ಳ, ದಾರಿ, ಬದುಗಳ ಜಗಳವೇ. ನಮಗೆ ಆ ಹೊಲದ ಪರಿಚಯವಿಲ್ಲ, ಅಷ್ಟೇ.

ಆ ಪರಿಚಯವನ್ನು ಮಾಡಿಕೊಡುವ ಶಾಸ್ತ್ರ ಭೂಗೋಳ. ಶಾಲೆಯಲ್ಲಿ ನಾವೆಲ್ಲರೂ ಅದನ್ನು ಓದಿದವರೇ. ಆದರೆ ರಾಜಧಾನಿಗಳ ಹೆಸರು, ಅತಿ ಉದ್ದದ ನದಿ, ಅತಿ ಎತ್ತರದ ಶಿಖರ ಇವುಗಳನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆತು, ಆ ವಿಷಯದ ಋಣ ತೀರಿತೆಂದು ನಿಟ್ಟುಸಿರು ಬಿಟ್ಟವರೇ ಹೆಚ್ಚು. ಅಂಕಗಳ ಪೈಪೋಟಿಯಲ್ಲಿ ಗಣಿತ ಮತ್ತು ವಿಜ್ಞಾನಗಳ ಮುಂದೆ ಭೂಗೋಳಕ್ಕೆ ಮಲಮಗಳ ಸ್ಥಾನ ದೊರೆತಿರುವುದು ಖೇದದ ಸಂಗತಿ. ಆ ಶಾಸ್ತ್ರ ಜೀವನದಲ್ಲಿ ಎಷ್ಟು ಹತ್ತಿರದಿಂದ ಉಪಯೋಗಕ್ಕೆ ಬರುತ್ತದೆಂಬುದನ್ನು ಒಂದೇ ಒಂದು ಪ್ರಸಂಗದ ಮೂಲಕ ನೋಡೋಣ.

2022ರ ಫೆಬ್ರವರಿ 24ರಂದು ರಷ್ಯದ ಸೇನೆ ಯುಕ್ರೇನನ್ನು ಪ್ರವೇಶಿಸಿತು. ಆ ವೇಳೆಗೆ ಅಲ್ಲಿ ಸುಮಾರು 20 ಸಾವಿರ ಭಾರತೀಯರಿದ್ದರು. ಅವರಲ್ಲಿ ಬಹುಪಾಲು ವೈದ್ಯಕೀಯ ವಿದ್ಯಾರ್ಥಿಗಳು. ಕರ್ನಾಟಕದ ಅನೇಕ ಜಿಲ್ಲೆಗಳ ಮಕ್ಕಳೂ ಅವರಲ್ಲಿ ಸೇರಿದ್ದರು. ಅಂದೇ ವಿಮಾನಸಂಚಾರ ನಿಂತುಹೋಯಿತು. ಮುಂದಿನ ಎರಡು ವಾರಗಳ ಕಾಲ ನಮ್ಮ ಎಷ್ಟೋ ಮನೆಗಳಲ್ಲಿ ಒಲೆ ಹೊತ್ತಿದರೂ ಊಟ ಸೇರಲಿಲ್ಲ. ತಂದೆತಾಯಿಗಳಿಗೆ ತಿಳಿದಿದ್ದುದು "ಯುಕ್ರೇನ್" ಎಂಬ ಒಂದೇ ಹೆಸರು. ಆದರೆ ನಕಾಶೆಯನ್ನು ಬಿಡಿಸಿ ನೋಡಿದವರಿಗೆ ಅಲ್ಲಿ ಒಂದಲ್ಲ, ಹಲವು ಯುಕ್ರೇನ್‌ಗಳು ಕಾಣುತ್ತಿದ್ದವು. ಅದು ನಮ್ಮ ಕರ್ನಾಟಕದ ಮೂರರಷ್ಟಕ್ಕೂ ತುಸು ಮಿಗಿಲಾದ ವಿಸ್ತಾರವುಳ್ಳ ದೇಶ. ಪೂರ್ವದ ಖಾರ್ಕಿವ್ ನಗರ ರಷ್ಯದ ಗಡಿಯಿಂದ ಸುಮಾರು 40 ಕಿಲೋಮೀಟರ್ ಮಾತ್ರ ದೂರ. ಪಶ್ಚಿಮದ ಉಜ್‌ಹೊರೊಡ್ ನಗರವಾದರೋ ಸ್ಲೊವಾಕಿಯದ ಗಡಿಗೆ ಅಂಟಿಕೊಂಡಿದೆ. ಹಂಗೆರಿಯೂ ಅಲ್ಲಿಂದ ಬಹು ಸಮೀಪ. ಅದರ ಮತ್ತು ಯುದ್ಧಭೂಮಿಯ ನಡುವೆ ಕಾರ್ಪೇಥಿಯನ್ ಪರ್ವತಗಳು ಅಡ್ಡ ನಿಂತಿವೆ. ಈ ಎರಡು ಊರುಗಳ ನಡುವಿನ ಅಂತರ ಸಾವಿರ ಕಿಲೋಮೀಟರಿಗೂ ಮಿಗಿಲು.

ಇದರ ಫಲಿತಾಂಶವನ್ನು ಊಹಿಸುವುದು ಕಷ್ಟವಲ್ಲ. ಉಜ್‌ಹೊರೊಡ್‌ನಲ್ಲಿ ಓದುತ್ತಿದ್ದ ಮಕ್ಕಳು ಕೆಲವೇ ಗಂಟೆಗಳ ಪ್ರಯಾಣದಿಂದ ಗಡಿ ದಾಟಬಲ್ಲವರಾಗಿದ್ದರು. ಖಾರ್ಕಿವ್‌ನ ಮಕ್ಕಳು ನೆಲಮಾಳಿಗೆಗಳಲ್ಲೂ ಸುರಂಗ ರೈಲಿನ ನಿಲ್ದಾಣಗಳಲ್ಲೂ ದಿನಗಳನ್ನು ಕಳೆದು, ಕಿಕ್ಕಿರಿದ ರೈಲುಗಳಲ್ಲಿ ಇಡೀ ದೇಶವನ್ನೇ ಅಡ್ಡಹಾಯ್ದು ಪೋಲೆಂಡ್, ಹಂಗೆರಿ, ರುಮೇನಿಯಗಳ ಬಾಗಿಲಿಗೆ ಬರಬೇಕಾಯಿತು. ಮಾರ್ಚ್ 1ರಂದು ನಮ್ಮ ಕರ್ನಾಟಕದ ವಿದ್ಯಾರ್ಥಿಯೊಬ್ಬರು ಖಾರ್ಕಿವ್‌ನಲ್ಲಿಯೇ ಶೆಲ್ ದಾಳಿಗೆ ಬಲಿಯಾದರು. ಈಶಾನ್ಯದ ಗಡಿಯಲ್ಲಿರುವ ಸುಮಿ ನಗರದ ಸುಮಾರು 700 ಮಂದಿ ಹೊರಬರಲು ಮಾರ್ಚ್ 8ರ ತನಕ ಕಾಯಬೇಕಾಯಿತು. ಒಂದೇ ದೇಶ, ಒಂದೇ ವ್ಯಾಸಂಗ, ಹೆಚ್ಚುಕಡಿಮೆ ಒಂದೇ ಶುಲ್ಕ. ಆದರೆ ಊರು ನಕಾಶೆಯ ಯಾವ ಅಂಚಿನಲ್ಲಿತ್ತು ಎಂಬುದೇ ನಿರ್ಣಾಯಕವಾಯಿತು. ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ಮುನ್ನ ನಾವು ಕಾಲೇಜಿನ ಮಾನ್ಯತೆ, ಶುಲ್ಕ, ವಸತಿಗೃಹದ ಊಟ ಎಲ್ಲವನ್ನೂ ವಿಚಾರಿಸುತ್ತೇವೆ. ಆ ಊರಿನ ನೆರೆಯಲ್ಲಿ ಯಾರಿದ್ದಾರೆಂದು ವಿಚಾರಿಸುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ. ಹೆಣ್ಣು ಕೊಡುವಾಗ ಮಾತ್ರ ನೆರೆಹೊರೆಯನ್ನು ತಪ್ಪದೆ ವಿಚಾರಿಸುವ ಜನ ನಾವು!

ಇನ್ನು ಆ ದೇಶದ ಮಣ್ಣಿನ ವಿಷಯ. ಯುಕ್ರೇನಿನ ಸಾಗುವಳಿ ಭೂಮಿಯಲ್ಲಿ ಅರ್ಧಕ್ಕಿಂತಲೂ ಹೆಚ್ಚು ಭಾಗ "ಚೆರ್ನೋಜೆಮ್" ಎಂಬ ಮಣ್ಣಿನದು. ಆ ಶಬ್ದಕ್ಕೆ ಕಪ್ಪು ನೆಲವೆಂದೇ ಅರ್ಥ. ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಕಡೆಯ ನಮ್ಮ ರೈತರು ಇದನ್ನು ಕೇಳಿದೊಡನೆ "ಹಾಗಾದರೆ ನಮ್ಮ ಎರೆಭೂಮಿಯೇ" ಎಂದಾರು. ಬಣ್ಣ ಒಂದೇ ಆದರೂ ಹುಟ್ಟು ಬೇರೆ. ನಮ್ಮ ವಿಜಯಪುರದ ಎರೆ ಲಕ್ಷಾಂತರ ವರ್ಷಗಳಲ್ಲಿ ಸವೆದು ಪುಡಿಯಾದ ಕಪ್ಪುಕಲ್ಲಿನಿಂದ, ಅಂದರೆ ಪ್ರಾಚೀನ ಜ್ವಾಲಾಮುಖಿಗಳು ಹೊರಚೆಲ್ಲಿದ ಲಾವಾರಸದ ಬಂಡೆಯಿಂದ ಹುಟ್ಟಿದ್ದು. ಅದರಲ್ಲಿ ಜೇಡಿಯ ಅಂಶ ಹೆಚ್ಚು. ಕೊಳೆತ ಎಲೆ ಹುಲ್ಲಿನ ಸತ್ವ ಕಡಿಮೆ. ಯುಕ್ರೇನಿನದು ಗಾಳಿ ಹೊತ್ತು ತಂದ ಸಣ್ಣ ಮಣ್ಣಿನ ಮೇಲೆ ಸಾವಿರಾರು ವರ್ಷ ಆಳೆತ್ತರದ ಹುಲ್ಲು ಬೆಳೆದು, ಚಳಿಗೆ ಪೂರ್ಣ ಕೊಳೆಯದೆ ಪದರಪದರವಾಗಿ ಸೇರಿ ಆದದ್ದು. ಕೆಲವೆಡೆ ಈ ಕಪ್ಪು ಪದರ ಒಂದು ಮೀಟರಿಗೂ ಮೀರಿ ಆಳವಿದೆ. ಈ ಮಣ್ಣನ್ನು ಕುರಿತು ರಷ್ಯದ ವಿಜ್ಞಾನಿ ದೊಕುಚಾಯೆವ್ 1883ರಲ್ಲಿ ಪ್ರಕಟಿಸಿದ ಗ್ರಂಥದಿಂದಲೇ ಆಧುನಿಕ ಮಣ್ಣುವಿಜ್ಞಾನ ಆರಂಭವಾಯಿತೆನ್ನುತ್ತಾರೆ. ಜಗತ್ತಿಗೆ ಗೋಧಿ, ಮೆಕ್ಕೆಜೋಳ, ಸೂರ್ಯಕಾಂತಿಗಳನ್ನು ಹಂಚುವ ಶಕ್ತಿ ಆ ದೇಶಕ್ಕೆ ಬಂದದ್ದು ಈ ಮಣ್ಣಿನಿಂದ.

ಅನ್ನ ಕೊಡುವ ಈ ಮಣ್ಣೇ ಯುದ್ಧಕಾಲದಲ್ಲಿ ಬೇರೆ ರೂಪ ತಾಳುತ್ತದೆ. ಶರದೃತುವಿನ ಮಳೆಯಲ್ಲಿಯೂ ಚಳಿಗಾಲ ಮುಗಿದು ಹಿಮ ಕರಗುವ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿಯೂ ಅಲ್ಲಿನ ಹೊಲಗಳು ಕೆಸರಿನ ಕಡಲಾಗುತ್ತವೆ. ರಷ್ಯನ್ ಭಾಷೆಯಲ್ಲಿ ಈ ಕಾಲಕ್ಕೆ "ರಸ್ಪುತಿತ್ಸ" ಎಂಬ ಪ್ರತ್ಯೇಕ ಹೆಸರೇ ಇದೆ. ದಾರಿಗಳು ಇಲ್ಲವಾಗುವ ಕಾಲವೆಂದು ಅದರ ಭಾವ. ಎರೆಹೊಲದಲ್ಲಿ ಮಳೆಯಾದ ಮರುದಿನ ಬಂಡಿ ಇಳಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಗಾಲಿಗೆ ಮೆತ್ತಿಕೊಂಡ ಮಣ್ಣು ಗಾಲಿಯಷ್ಟೇ ಭಾರವಾಗಿ ಎತ್ತುಗಳು ಕುಸಿಯುವುದನ್ನು ಅವರು ಕಂಡಿದ್ದಾರೆ. 1941ರ ಅಕ್ಟೋಬರಿನಲ್ಲಿ ಜರ್ಮನರ ವಾಹನಗಳು ಮಾಸ್ಕೋದ ಹಾದಿಯಲ್ಲಿ ಇಂಥ ಕೆಸರಿನಲ್ಲಿಯೇ ಸಿಕ್ಕಿಕೊಂಡವು. 2022ರಲ್ಲಿ ರಷ್ಯದ ಟ್ಯಾಂಕುಗಳು ಹೊಲಕ್ಕಿಳಿಯಲಾರದೆ ಡಾಂಬರು ರಸ್ತೆಗಳ ಮೇಲೆಯೇ ಸಾಲುಗಟ್ಟಿದವು. ಕೀವ್ ನಗರದ ವಾಯವ್ಯಕ್ಕೆ ಅರವತ್ತಕ್ಕೂ ಹೆಚ್ಚು ಕಿಲೋಮೀಟರ್ ಉದ್ದದ ಸೇನಾವಾಹನಗಳ ಸಾಲು ದಿನಗಟ್ಟಲೆ ನಿಂತಲ್ಲೇ ನಿಂತಿದ್ದ ಉಪಗ್ರಹಚಿತ್ರವನ್ನು ದೂರದರ್ಶನದಲ್ಲಿ ಕಂಡವರಿಗೆ ಅದು ನೆನಪಿರಬಹುದು. ಇಂಧನದ ಅಭಾವ, ಎದುರಾಳಿಗಳ ಪ್ರತಿರೋಧ ಇವೂ ಕಾರಣಗಳೇ. ಆದರೆ ರಸ್ತೆ ಬಿಟ್ಟು ಪಕ್ಕಕ್ಕೆ ಸರಿಯಲಾಗದಂತೆ ಮಾಡಿದ್ದು ಮಣ್ಣು.

ಕೀವ್‌ನ ಪಕ್ಕದಲ್ಲಿ ಇರ್ಪಿನ್ ಎಂಬ ಸಣ್ಣ ನದಿಯಿದೆ. ಸಾಮಾನ್ಯ ನಕಾಶೆಗಳಲ್ಲಿ ಅದರ ಹೆಸರನ್ನೇ ಮುದ್ರಿಸುವುದಿಲ್ಲ. ಅದು ನೀಪರ್ ನದಿಯ ಜಲಾಶಯವನ್ನು ಸೇರುವಲ್ಲಿ ಕಟ್ಟಿದ್ದ ಒಡ್ಡನ್ನು ಯುಕ್ರೇನಿಯನ್ನರು ಯುದ್ಧದ ಮೊದಲ ದಿನಗಳಲ್ಲಿಯೇ ಒಡೆದರು. ಜಲಾಶಯದ ನೀರು ಹಿಮ್ಮುಖವಾಗಿ ನುಗ್ಗಿ ಬಯಲನ್ನು ಜೌಗು ಮಾಡಿತು. ಡೆಮಿದಿವ್ ಎಂಬ ಹಳ್ಳಿಯ ಮನೆ, ಹಿತ್ತಿಲುಗಳಲ್ಲಿ ನೀರು ನಿಂತಿತು. ರಾಜಧಾನಿಯನ್ನು ಉಳಿಸಲು ನೆರವಾದ ಸಂಗತಿಗಳಲ್ಲಿ ಈ ನೀರೂ ಒಂದು. ತಮ್ಮ ಬೆಳೆಯನ್ನು ಮುಳುಗಿಸಿಕೊಂಡ ಹಳ್ಳಿಗರ ಹೆಸರು ಯಾವ ಪತ್ರಿಕೆಯ ಮೊದಲ ಪುಟದಲ್ಲಿಯೂ ಬರಲಿಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು ಅವಶ್ಯ. ಮಾಸ್ಕೋದಿಂದ ಪಶ್ಚಿಮಕ್ಕೆ ಪೋಲೆಂಡ್, ಜರ್ಮನಿಗಳವರೆಗೂ ಒಂದೇ ಬಯಲು. ನಡುವೆ ಹೇಳಿಕೊಳ್ಳುವಂಥ ಬೆಟ್ಟವಿಲ್ಲ. 1812ರಲ್ಲಿ ನೆಪೋಲಿಯನ್ ಬಂದದ್ದೂ, 1941ರಲ್ಲಿ ಜರ್ಮನರು ಬಂದದ್ದೂ ಈ ಬಯಲಿನ ಮೇಲೆಯೇ. ಆದಕಾರಣ ರಷ್ಯ ನೆರೆಯ ದೇಶಗಳನ್ನು ತನ್ನ ಕೋಟೆಯ ಹೊರಗೋಡೆಯಂತೆ ಕಾಣುವುದು ಸಹಜವೆಂದು ವಾದಿಸುವ ಪಂಡಿತರಿದ್ದಾರೆ. 1904ರಲ್ಲಿ ಲಂಡನ್ನಿನಲ್ಲಿ ಮ್ಯಾಕಿಂಡರ್ ಎಂಬ ಭೂಗೋಳಶಾಸ್ತ್ರಜ್ಞರು ಇಂಥ ವಿಚಾರಗಳನ್ನು ಪ್ರಸಿದ್ಧವಾದೊಂದು ಉಪನ್ಯಾಸದಲ್ಲಿ ಮಂಡಿಸಿದಂದಿನಿಂದ ಈ ವಾದಕ್ಕೆ ಗೌರವವೂ ದೊರೆತಿದೆ. ಅಂಜಿಕೆಯನ್ನು ಅರ್ಥಮಾಡಿಕೊಳ್ಳಲು ಇದು ಉಪಯುಕ್ತವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಬಯಲು ಎರಡೂ ಕಡೆಗೆ ತೆರೆದಿರುತ್ತದೆ. ರಷ್ಯಕ್ಕೆ ಬೆಟ್ಟದ ಆಸರೆಯಿಲ್ಲವೆಂದಾದರೆ ಯುಕ್ರೇನಿಗೂ ಇಲ್ಲ. ಹೊಲಕ್ಕೆ ಬೇಲಿಯಿಲ್ಲವೆಂಬುದು ನೆರೆಯವನ ಹೊಲಕ್ಕೆ ನುಗ್ಗಲು ಹಕ್ಕುಪತ್ರವಾಗಲಾರದು. ಭೂಗೋಳ ಕಷ್ಟವನ್ನು ತೋರಿಸುತ್ತದೆ. ನಿರ್ಣಯ ಕೈಗೊಳ್ಳುವವರು ಮನುಷ್ಯರು. ಸಮುದ್ರವೇ ಇಲ್ಲದ ಸ್ವಿಟ್ಜರ್ಲೆಂಡ್ ಸಿರಿವಂತವಾಗಿರುವುದನ್ನು ಯಾವ ನಕಾಶೆಯೂ ಮುಂಚಿತವಾಗಿ ಹೇಳುತ್ತಿರಲಿಲ್ಲ.

ಈಗ ಅಡುಗೆಮನೆಗೆ ಬರೋಣ. 2022ರ ಮಾರ್ಚ್ ತಿಂಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏಕಾಏಕಿ ಏರಿದುದು ನಮ್ಮ ತಾಯಂದಿರಿಗೆ ಚೆನ್ನಾಗಿ ನೆನಪಿದೆ. ಯುದ್ಧಕ್ಕೆ ಮುಂಚೆ ಭಾರತ ತರಿಸಿಕೊಳ್ಳುತ್ತಿದ್ದ ಸೂರ್ಯಕಾಂತಿ ಎಣ್ಣೆಯ ಬಹುಪಾಲು ಯುಕ್ರೇನಿನಿಂದಲೂ, ಉಳಿದುದರಲ್ಲಿ ಹೆಚ್ಚಿನದು ರಷ್ಯದಿಂದಲೂ ಬರುತ್ತಿತ್ತು. ಯುಕ್ರೇನಿನ ಎಣ್ಣೆ ಹೊರಡುವುದು ಕಪ್ಪು ಸಮುದ್ರದ ಒಡೆಸ್ಸಾ ಮೊದಲಾದ ಬಂದರುಗಳಿಂದ. ನಕಾಶೆಯಲ್ಲಿ ಕಪ್ಪು ಸಮುದ್ರವನ್ನು ನೋಡಿರಿ. ಅದು ದೊಡ್ಡದೊಂದು ಕೆರೆಯಂತಿದೆ. ಅದಕ್ಕಿರುವ ತೂಬು ಒಂದೇ: ಇಸ್ತಾಂಬುಲ್ ನಗರದ ನಡುವೆ ಹಾಯುವ ಬಾಸ್ಫರಸ್ ಜಲಸಂಧಿ. ಅತಿ ಇಕ್ಕಟ್ಟಾದ ಎಡೆಯಲ್ಲಿ ಅದರ ಅಗಲ ಸುಮಾರು 700 ಮೀಟರ್. ಅದನ್ನೂ, ಅದರಾಚೆಯ ಡಾರ್ಡನೆಲ್ಸ್ ಜಲಸಂಧಿಯನ್ನೂ ದಾಟದೆ ಯಾವ ಹಡಗೂ ಹೊರಗಿನ ಸಮುದ್ರಕ್ಕೆ ಬರಲಾರದು.

ಈ ತೂಬಿನ ಕೀಲಿಕೈ ಟರ್ಕಿಯ ಸೊಂಟದಲ್ಲಿದೆ. 1936ರ ಮಾಂಟ್ರೋ ಒಪ್ಪಂದದ ಪ್ರಕಾರ ವ್ಯಾಪಾರದ ಹಡಗುಗಳಿಗೆ ಅಲ್ಲಿ ಮುಕ್ತ ಸಂಚಾರವುಂಟು. ಯುದ್ಧಕಾಲದಲ್ಲಿ ಹೋರಾಡುತ್ತಿರುವ ದೇಶಗಳ ಯುದ್ಧನೌಕೆಗಳನ್ನು ಟರ್ಕಿ ತಡೆಯಬಹುದು. ತಮ್ಮ ಮೂಲ ನೆಲೆಗೆ ಮರಳುವ ನೌಕೆಗಳಿಗೆ ಮಾತ್ರ ವಿನಾಯಿತಿ. 2022ರ ಫೆಬ್ರವರಿ ಕೊನೆಯಲ್ಲಿ ಟರ್ಕಿ ಈ ಅಧಿಕಾರವನ್ನು ಚಲಾಯಿಸಿತು. ಪರಿಣಾಮವಾಗಿ ರಷ್ಯಕ್ಕೆ ತನ್ನ ಬೇರೆ ನೌಕಾದಳಗಳ ಹಡಗುಗಳನ್ನು ಕಪ್ಪು ಸಮುದ್ರಕ್ಕೆ ತರಲಾಗಲಿಲ್ಲ. ಏಪ್ರಿಲ್ 14ರಂದು ಅದರ ಪ್ರಮುಖ ನೌಕೆ ಮಾಸ್ಕ್ವಾ ಮುಳುಗಿದಾಗ ಅದರ ಸ್ಥಾನಕ್ಕೆ ಮತ್ತೊಂದನ್ನು ಹೊರಗಿನಿಂದ ಕರೆಸುವಂತಿರಲಿಲ್ಲ. ಎಂಬತ್ತಾರು ವರ್ಷ ಹಳೆಯ ಕಾಗದವೊಂದು ಇಷ್ಟು ಕೆಲಸ ಮಾಡಿತು.

ಧಾನ್ಯ ಮತ್ತು ಎಣ್ಣೆಯ ಹಡಗುಗಳಿಗಾಗಿ 2022ರ ಜುಲೈ 22ರಂದು ಇಸ್ತಾಂಬುಲ್‌ನಲ್ಲಿ ವಿಶ್ವಸಂಸ್ಥೆ ಮತ್ತು ಟರ್ಕಿಗಳ ಮಧ್ಯಸ್ಥಿಕೆಯಿಂದ ಒಡಂಬಡಿಕೆಯಾಯಿತು. ಅದರ ಅಡಿಯಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಸರಕು ಹೊರಬಂದಿತು. 2023ರ ಜುಲೈ 17ರಂದು ರಷ್ಯ ಅದರಿಂದ ಹಿಂದೆ ಸರಿಯಿತು. ಇನ್ನೇನು ಗತಿಯೆಂದು ಜಗತ್ತು ಯೋಚಿಸುತ್ತಿರುವಾಗ ಯುಕ್ರೇನ್ ತನ್ನದೇ ದಾರಿಯನ್ನು ಕಂಡುಕೊಂಡಿತು. ಆಗಸ್ಟ್ ತಿಂಗಳಿನಿಂದ ಹಡಗುಗಳು ನಡುಗಡಲಿಗೆ ಹೋಗದೆ, ಪಶ್ಚಿಮದ ದಡವನ್ನು ಸವರಿಕೊಂಡು, ರುಮೇನಿಯ ಮತ್ತು ಬಲ್ಗೇರಿಯಗಳ ನೀರಿನಲ್ಲಿಯೇ ಸಾಗಿ ಬಾಸ್ಫರಸ್ ತಲಪತೊಡಗಿದವು. ಆ ಎರಡೂ ದೇಶಗಳು ನ್ಯಾಟೋ ಕೂಟದ ಸದಸ್ಯರು. ಅವುಗಳ ನೀರಿನಲ್ಲಿ ಹಡಗನ್ನು ಕೆಣಕುವುದು ಸುಲಭವಲ್ಲ. ನಕಾಶೆಯಲ್ಲಿ ಬೆರಳಿಟ್ಟು ಈ ದಾರಿಯನ್ನು ಸವರಿದರೆ ಹತ್ತು ಪುಟಗಳ ವಿಶ್ಲೇಷಣೆ ಒಂದು ಕ್ಷಣದಲ್ಲಿ ಅರ್ಥವಾಗುತ್ತದೆ.

ಪ್ರಸಂಗಾನುಸಾರ ಇನ್ನೊಂದು ಮಾತು. ಸೂರ್ಯಕಾಂತಿ ನಮ್ಮ ನಾಡಿಗೆ ಹೊಸ ಬೆಳೆ. 1969ರ ಸುಮಾರಿಗೆ ಸೋವಿಯತ್ ಒಕ್ಕೂಟದಿಂದ ತರಿಸಿದ ತಳಿಗಳಿಂದಲೇ ಭಾರತದಲ್ಲಿ ಅದರ ವ್ಯಾಪಕ ಬೇಸಾಯ ಮೊದಲಾಯಿತು. 1980ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ದೇಶದ ಮೊದಲ ಸೂರ್ಯಕಾಂತಿ ಸಂಕರ ತಳಿಯಾದ ಬಿ.ಎಸ್.ಎಚ್.-1 ಅನ್ನು ಬಿಡುಗಡೆ ಮಾಡಿತು. 1990ರ ದಶಕದಲ್ಲಿ ರಾಯಚೂರು, ಬಳ್ಳಾರಿ, ಕೊಪ್ಪಳ ಕಡೆಯ ಎರೆಹೊಲಗಳು ಹಳದಿ ಹೂಗಳಿಂದ ತುಂಬಿದ್ದುದನ್ನು ಕಂಡವರಿಗೆ ಇಂದಿನ ವಿಸ್ತೀರ್ಣ ಬಹಳ ಕಡಿಮೆಯೆನಿಸುತ್ತದೆ. ನಂಜುರೋಗ, ಅಗ್ಗದ ಆಮದು, ಮೆಕ್ಕೆಜೋಳದ ಆಕರ್ಷಣೆ ಎಲ್ಲ ಸೇರಿ ಅದನ್ನು ಹಿಂದಕ್ಕೆ ತಳ್ಳಿದವು. ನಮ್ಮ ಹೊಲದಲ್ಲಿ ಬೆಳೆಯಬಹುದಾದ ಎಣ್ಣೆಗಾಗಿ ಸಾವಿರಾರು ಮೈಲಿ ಆಚೆಯ ಒಂದು ಜಲಸಂಧಿಯ ಕೃಪೆಯನ್ನು ಕಾಯುವ ಸ್ಥಿತಿ ಬಂದದ್ದು ಹೀಗೆ. ತಾಳೆ ಎಣ್ಣೆಗೆ ಬದಲಾಯಿಸೋಣವೆಂದರೆ, ಆ ಮರ ಸೊಂಪಾಗಿ ಫಲ ಕೊಡುವುದು ಸಮಭಾಜಕ ವೃತ್ತದ ಆಸುಪಾಸಿನಲ್ಲಿ. ಆದ್ದರಿಂದಲೇ ಜಗತ್ತಿನ ತಾಳೆ ಎಣ್ಣೆಯ ಬಹುಭಾಗ ಇಂಡೋನೇಷ್ಯ ಮತ್ತು ಮಲೇಷ್ಯಗಳ ಕೈಯಲ್ಲಿದೆ. ಅದೇ 2022ರ ಏಪ್ರಿಲ್ 28ರಿಂದ ಇಂಡೋನೇಷ್ಯ ಮೂರು ವಾರಗಳಿಗೂ ಹೆಚ್ಚು ಕಾಲ ರಫ್ತನ್ನು ನಿಲ್ಲಿಸಿದಾಗ ನಮ್ಮ ಬಾಣಲೆಗೆ ಎರಡೂ ಕಡೆಯಿಂದ ಪೆಟ್ಟು ಬಿದ್ದಿತು.

ಕ್ರಿಮಿಯದ ಕಥೆ ನೀರಿನ ಕಥೆ. ಕಾವೇರಿ, ಕೃಷ್ಣೆಯರ ವ್ಯಾಜ್ಯಗಳಲ್ಲಿ ಬೆಳೆದ ನಮಗೆ ಅದು ಬೇಗ ತಿಳಿಯಬೇಕು. ಕ್ರಿಮಿಯ ಒಣಭೂಮಿಯ ಪರ್ಯಾಯ ದ್ವೀಪ. ಪೆರೆಕೋಪ್ ಎಂಬಲ್ಲಿ ಐದಾರು ಕಿಲೋಮೀಟರ್ ಅಗಲದ ನೆಲದ ಪಟ್ಟಿಯೊಂದು ಅದನ್ನು ಯುಕ್ರೇನಿಗೆ ಸೇರಿಸುತ್ತದೆ. ಅದರ ಸಿಹಿನೀರಿನ ನೂರಕ್ಕೆ 85ರಷ್ಟು ಭಾಗ ನೀಪರ್ ನದಿಯ ಕಖೋವ್ಕಾ ಜಲಾಶಯದಿಂದ ಕಾಲುವೆಯ ಮೂಲಕ ಬರುತ್ತಿತ್ತು. 2014ರಲ್ಲಿ ರಷ್ಯ ಕ್ರಿಮಿಯವನ್ನು ವಶಪಡಿಸಿಕೊಂಡಿತು. ಯುಕ್ರೇನ್ ಕಾಲುವೆಗೆ ಒಡ್ಡು ಹಾಕಿತು. ಭೂಮಿ ಒಬ್ಬರದು, ನೀರು ಇನ್ನೊಬ್ಬರದು ಎಂಬಂತಾಗಿ ಅಲ್ಲಿ ಭತ್ತದ ಬೇಸಾಯ ನಿಂತೇಹೋಯಿತು. 2022ರಲ್ಲಿ ರಷ್ಯದ ಸೇನೆ ಯುದ್ಧ ಆರಂಭವಾದ ಕೆಲವೇ ದಿನಗಳೊಳಗೆ ಮಾಡಿದ ಕೆಲಸಗಳಲ್ಲಿ ಆ ಒಡ್ಡನ್ನು ಸ್ಫೋಟಿಸಿದ್ದೂ ಒಂದು. 2023ರ ಜೂನ್ 6ರಂದು ಮೂಲ ಅಣೆಕಟ್ಟೆಯೇ ಒಡೆಯಿತು. ಆ ಜಲಾಶಯದ ಸಾಮರ್ಥ್ಯ ಸುಮಾರು 18 ಘನ ಕಿಲೋಮೀಟರ್; ನಮ್ಮ ಲೆಕ್ಕದಲ್ಲಿ 640 ಟಿ.ಎಂ.ಸಿ. ಸಮೀಪ. ತುಂಗಭದ್ರಾ ಜಲಾಶಯದ ಈಗಿನ ಸಾಮರ್ಥ್ಯ ಸುಮಾರು 105 ಟಿ.ಎಂ.ಸಿ. ಎಂಬುದನ್ನು ನೆನೆದರೆ, ಅಂಥ ಆರು ಜಲಾಶಯಗಳ ನೀರು ಹರಿದುಹೋದಂತಾಯಿತು. 2024ರ ಆಗಸ್ಟಿನಲ್ಲಿ ತುಂಗಭದ್ರೆಯ ಒಂದೇ ಒಂದು ಗೇಟು ಕೊಚ್ಚಿಹೋದಾಗ ನಾಲ್ಕು ಜಿಲ್ಲೆಗಳ ರೈತರು ಪಟ್ಟ ಆತಂಕವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

ಜಲಸಂಧಿಗಳ ಮಾತು ಬಂದುದರಿಂದ ಕೆಂಪು ಸಮುದ್ರವನ್ನೂ ಒಮ್ಮೆ ನೋಡಿಬಿಡೋಣ. ಅದರ ದಕ್ಷಿಣದ ಬಾಗಿಲು ಬಾಬ್ ಎಲ್ ಮಂದೆಬ್, ಅಂದರೆ ಕಣ್ಣೀರಿನ ಬಾಗಿಲು. ಅಗಲ 30 ಕಿಲೋಮೀಟರಿನಷ್ಟು. ಉತ್ತರದ ಬಾಗಿಲು 1869ರಲ್ಲಿ ತೆರೆದ ಸೂಯೆಜ್ ಕಾಲುವೆ. 2023ರ ನವೆಂಬರಿನಿಂದ ಯೆಮೆನ್ ದೇಶದ ಹೌತಿಗಳು ದಕ್ಷಿಣದ ಬಾಗಿಲಿನಲ್ಲಿ ಹಡಗುಗಳ ಮೇಲೆ ದಾಳಿಗಿಳಿದಾಗ, ಅನೇಕ ಹಡಗು ಕಂಪನಿಗಳು ವಾಸ್ಕೋ ಡ ಗಾಮನ ಹಳೆಯ ದಾರಿಯನ್ನೇ ಹಿಡಿದು ಆಫ್ರಿಕವನ್ನು ಸುತ್ತಿಬರತೊಡಗಿದವು. ಹತ್ತರಿಂದ ಹದಿನಾಲ್ಕು ದಿನಗಳ ಹೆಚ್ಚಿನ ಪ್ರಯಾಣ. ಕೊಡಗು, ಚಿಕ್ಕಮಗಳೂರುಗಳ ಕಾಫಿಯ ದೊಡ್ಡ ಗಿರಾಕಿ ಇಟಲಿ ದೇಶ. ಆ ಕಾಫಿ ಹೋಗುವುದು ಈ ಬಾಗಿಲಿನಿಂದಲೇ. 2024ರಲ್ಲಿ ರಫ್ತುದಾರರು ಹಡಗುಬಾಡಿಗೆಯ ಏರಿಕೆಯಿಂದ ಕಂಗೆಟ್ಟದ್ದು ಇದೇ ಕಾರಣಕ್ಕೆ. ಇಂಥ ಬಾಗಿಲುಗಳ ಬೆಲೆಯನ್ನು ಐನೂರು ವರ್ಷಗಳ ಹಿಂದೆಯೇ ಅರಿತವನು ಪೋರ್ಚುಗೀಸರ ಅಲ್ಬುಕರ್ಕ್. 1510ರಲ್ಲಿ ಗೋವೆಯನ್ನೂ 1511ರಲ್ಲಿ ಮಲಕ್ಕಾವನ್ನೂ 1515ರಲ್ಲಿ ಹೊರ್ಮುಜನ್ನೂ ಹಿಡಿದ ಅವನು ಕೆಂಪು ಸಮುದ್ರದ ಬಾಯಲ್ಲಿರುವ ಏಡನ್ ಮುಂದೆ ಮಾತ್ರ ಸೋತ. ಹೊರ್ಮುಜಿನಿಂದ ಗೋವೆ, ಭಟ್ಕಳಗಳಿಗೆ ಬರುತ್ತಿದ್ದ ಕುದುರೆಗಳನ್ನು ನೆಚ್ಚಿಕೊಂಡಿದ್ದ ವಿಜಯನಗರದ ಅರಸರಿಗೆ ಇದರ ಬಿಸಿ ಆಗಲೇ ತಟ್ಟಿತ್ತು.

ಮನೆಯಲ್ಲಿ ಏನು ಮಾಡಬಹುದು? ನಡುಮನೆಯ ಗೋಡೆಗೆ ಒಂದು ಜಗತ್ತಿನ ನಕಾಶೆ, ಮಕ್ಕಳ ಮೇಜಿಗೆ ಒಂದು ಶಾಲಾ ಅಟ್ಲಾಸ್ ಇದ್ದರೆ ಸಾಕು. ದೇಶಗಳಿಗೆ ಬಣ್ಣ ತುಂಬಿದ ರಾಜಕೀಯ ನಕಾಶೆಗಿಂತ ಬೆಟ್ಟ, ಬಯಲು, ನದಿಗಳನ್ನು ತೋರಿಸುವ ಪ್ರಾಕೃತಿಕ ನಕಾಶೆ ಹೆಚ್ಚು ಮಾತಾಡುತ್ತದೆ. ಸುದ್ದಿಯಲ್ಲಿ ಒಂದು ಊರಿನ ಹೆಸರು ಬಂದಾಗ ಮೊದಲು ಅದನ್ನು ಹುಡುಕಿಸಬೇಕು. ಆ ದೇಶಕ್ಕೆ ಸಮುದ್ರವಿದೆಯೇ, ಇಲ್ಲದಿದ್ದರೆ ಯಾರ ಅಂಗಳವನ್ನು ದಾಟಿ ಹೋಗಬೇಕು, ಕುಡಿಯುವ ನೀರು ಎಲ್ಲಿ ಹುಟ್ಟುತ್ತದೆ ಎಂದು ಮಕ್ಕಳನ್ನೇ ಕೇಳಬೇಕು. 1993ರಲ್ಲಿ ಎರಿಟ್ರಿಯ ಬೇರೆಯಾದಾಗ ಕರಾವಳಿಯನ್ನೆಲ್ಲ ಕಳೆದುಕೊಂಡ ಇಥಿಯೋಪಿಯ ಇಂದಿಗೂ ಬಂದರಿಗಾಗಿ ಏಕೆ ತವಕಿಸುತ್ತದೆ ಎಂಬುದಕ್ಕೆ ಉತ್ತರ ಹತ್ತು ವರ್ಷದ ಹುಡುಗಿಗೂ ಹೊಳೆಯುತ್ತದೆ.

ಚಪ್ಪಟೆ ನಕಾಶೆಯನ್ನು ಪೂರ್ತಿ ನಂಬಲೂಬಾರದು. ಶಾಲೆಗಳಲ್ಲಿ ತೂಗುಹಾಕಿರುವ ಎಷ್ಟೋ ನಕಾಶೆಗಳಲ್ಲಿ ಗ್ರೀನ್‌ಲೆಂಡ್ ಆಫ್ರಿಕದಷ್ಟೇ ದೊಡ್ಡದಾಗಿ ಕಾಣುತ್ತದೆ; ವಾಸ್ತವದಲ್ಲಿ ಆಫ್ರಿಕ ಅದರ ಹದಿನಾಲ್ಕರಷ್ಟು ದೊಡ್ಡದು. ಗುಂಡಗಿನ ಭೂಮಿಯನ್ನು ಹಾಳೆಯ ಮೇಲೆ ಹರಡುವಾಗ ಧ್ರುವಗಳ ಕಡೆಯ ಭಾಗ ಹಿಗ್ಗುವುದರಿಂದ ಈ ವಿಪರ್ಯಾಸ. ಸಾಧ್ಯವಾದರೆ ಒಂದು ಭೂಗೋಲವನ್ನೇ ತರಬೇಕು. ಮಗನೋ ಮಗಳೋ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇರುವ ಮನೆಗಳು ನಮ್ಮಲ್ಲಿ ಈಗ ಬೇಕಾದಷ್ಟಿವೆ. ಅಂಥ ಮನೆಯ ಅಜ್ಜಿ ಮೊಮ್ಮಕ್ಕಳು ಒಂದು ದಾರದ ತುದಿಯನ್ನು ಬೆಂಗಳೂರಿನ ಮೇಲೂ ಇನ್ನೊಂದು ತುದಿಯನ್ನು ಸ್ಯಾನ್ ಫ್ರಾನ್ಸಿಸ್ಕೋದ ಮೇಲೂ ಇಟ್ಟು ಬಿಗಿಯಾಗಿ ಎಳೆದು ನೋಡಲಿ. ದಾರ ಪೆಸಿಫಿಕ್ ಸಾಗರದ ನಡುವೆಯೂ ಹೋಗದು, ಅಟ್ಲಾಂಟಿಕ್ ಮೇಲೂ ಹೋಗದು. ಉತ್ತರ ಧ್ರುವದ ಕಡೆಗೆ ಏರಿ ಆಚೆ ಇಳಿಯುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯದ ಮಹಿಳಾ ಚಾಲಕರು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದಿಳಿಸಿದ ಮೊದಲ ನೇರ ವಿಮಾನ ಬಂದದ್ದೂ ಉತ್ತರ ಧ್ರುವದ ಕಡೆಯಿಂದಲೇ.